ಲೆಕ್ಕ ಚುಕ್ತಾ ಆದ ಮೇಲೆ

‘ಹುಣಸೂರಲ್ಲಿ ಹಯವದನ ಇದೆ, ಬರ್ತೀಯಾ?’ ಅಂತ ಮೆಸೇಜ್ ಹಾಕಿದವನು ನಾನೇ. ಎರಡು ಗಂಟೆ ಬಿಟ್ಟು ‘ಬತ್ತೀನಿ’ ಅಂತ ಉತ್ತರ ಬಂತು. ಅಷ್ಟೇ. ನಾವಿಬ್ಬರೂ ಸರಿಯಾಗಿ ಮಾತಾಡಿ ಮೂರು ವರ್ಷ ಆಗಿತ್ತು. ಜಗಳ ಆಡಿರಲಿಲ್ಲ. ಸಮಸ್ಯೆ ಇರೋದೇ ಅಲ್ಲಿ. ಜಗಳ ಆಡಿದ್ದರೆ ರಾಜಿಯಾದರೂ ಆಗಬಹುದಿತ್ತು.

ಕೆ.ಆರ್. ನಗರದ ಹೈಸ್ಕೂಲಿನಲ್ಲಿ ನಮ್ಮದು ಒಂದೇ ಬೆಂಚು. ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಾಗ ಮೊದಲ ವರ್ಷದ ಫೀಸಿಗೆ ದುಡ್ಡು ಸಾಲದೇ ಬಂದಿತ್ತು. ಆಗ ಅವನ ಮನೆಯವರು ಹೊಗೆಸೊಪ್ಪು ಮಾರಿದ ದುಡ್ಡಲ್ಲಿ ಒಂದು ಕಂತೆ ತಂದು ಕೊಟ್ಟರು. ‘ಯಾವಾಗಲಾದರೂ ಕೊಡು’ ಅಂದರು. ನಾನು ಕೆಲಸಕ್ಕೆ ಸೇರಿದೆ, ಕಂಪನಿ ಬದಲಾಯಿಸಿದೆ, ಫ್ಲ್ಯಾಟ್ ಕೊಂಡೆ. ಒಂದು ದಿನ ಬೋನಸ್ ಬಂದಾಗ ಆ ದುಡ್ಡಿಗೆ ಬಡ್ಡಿ ಸೇರಿಸಿ ಫೋನಲ್ಲೇ ಕಳಿಸಿಬಿಟ್ಟೆ. ಜೊತೆಗೆ ಕೈಮುಗಿಯೋ ಒಂದು ಎಮೋಜಿ. ಅವನು ಹೆಬ್ಬೆರಳು ಎತ್ತಿ ತೋರಿಸಿದ. ಆಮೇಲೆ ಫೋನ್ ನಿಂತೇಹೋಯಿತು. ನಾನು ಮಾಡಿದ್ದರಲ್ಲಿ ತಪ್ಪೇನು ಅಂತ ಮೂರು ವರ್ಷ ಗೊತ್ತಾಗಿರಲಿಲ್ಲ. ಹುಣಸೂರಿನ ಆ ಸಂಜೆ ಸ್ವಲ್ಪ ಗೊತ್ತಾಯಿತು. ಅದಕ್ಕೇ ಈ ಬರಹ.

ತಂಡದ ಹೆಸರು ಹೇಳಲ್ಲ. ಹಗಲು ಕೆಲಸ, ರಾತ್ರಿ ತಾಲೀಮು ಅನ್ನೋ ಹವ್ಯಾಸಿಗಳು. ಒಂದು ಟೆಂಪೋದಲ್ಲಿ ಅರ್ಧ ಪರದೆ, ಎರಡು ಮುಖವಾಡ, ಒಂದು ಹಾರ್ಮೋನಿಯಂ ಹಾಕಿಕೊಂಡು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ನಾಲ್ಕು ಊರು ಸುತ್ತಲು ಹೊರಟಿದ್ದರು. ಹೆಗ್ಗೋಡಿನ ನೀನಾಸಂ 1985ರಲ್ಲಿ ‘ತಿರುಗಾಟ’ ಶುರು ಮಾಡಿದಾಗಿನಿಂದ ಹೀಗೆ ಊರೂರಿಗೆ ನಾಟಕ ಹೊತ್ತುಕೊಂಡು ಹೋಗುವ ಹುಚ್ಚು ಕನ್ನಡದಲ್ಲಿ ಸಾಕಷ್ಟು ಜನಕ್ಕೆ ಹಿಡಿದಿದೆ. ಮೈಸೂರಿನಲ್ಲಿ 1989ರಿಂದ ರಂಗಾಯಣ ಇದೆ. ಆದರೆ ಮೈಸೂರಿನಿಂದ ಬರೀ ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದ ಹುಣಸೂರಲ್ಲಿ ಹೊಸ ನಾಟಕ ಅಂದರೆ ಈಗಲೂ ‘ಯಾವ ಪೌರಾಣಿಕ?’ ಅಂತ ಕೇಳ್ತಾರೆ. ಈ ಪ್ರಶ್ನೆ ನೆನಪಿರಲಿ, ಮತ್ತೆ ಬೇಕಾಗುತ್ತೆ.

ಗಿರೀಶ ಕಾರ್ನಾಡರ ‘ಹಯವದನ’ 1971ರದ್ದು. ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಧರ್ಮಪುರ ಅನ್ನೋ ಊರು. ದೇವದತ್ತ ಬ್ರಾಹ್ಮಣರ ಹುಡುಗ, ಬುದ್ಧಿವಂತ, ಕವಿ. ಕಪಿಲ ಕಮ್ಮಾರನ ಮಗ, ಗಟ್ಟಿ ಮೈಯವನು. ಇಬ್ಬರೂ ಪ್ರಾಣಸ್ನೇಹಿತರು. ದೇವದತ್ತ ಪದ್ಮಿನಿಯನ್ನು ಮದುವೆಯಾಗ್ತಾನೆ. ಸಂಬಂಧ ಕುದುರಿಸಲು ಹೋದ ಕಪಿಲನಿಗೂ ಅವಳ ಮೇಲೆ ಮನಸ್ಸಾಗುತ್ತೆ. ಅವಳಿಗೂ ಕಪಿಲನ ಮೇಲೆ. ಕಾಳಿಯ ಗುಡಿಯಲ್ಲಿ ಗೆಳೆಯರಿಬ್ಬರೂ ಒಬ್ಬರ ಹಿಂದೊಬ್ಬರು ತಲೆ ಕಡಿದುಕೊಳ್ತಾರೆ. ಕಾಳಿ ಒಲಿದು ಜೀವ ಕೊಡ್ತೀನಿ ಅಂದಾಗ ಪದ್ಮಿನಿ ಗಡಿಬಿಡಿಯಲ್ಲಿ ತಲೆಗಳನ್ನು ಅದಲು ಬದಲು ಜೋಡಿಸಿಬಿಡ್ತಾಳೆ. ಈಗ ಗಂಡ ಯಾರು?

ಈ ಪ್ರಶ್ನೆ ಮೇಲೆ ಕಾಲೇಜುಗಳಲ್ಲಿ ಎಷ್ಟು ಸೆಮಿನಾರ್ ನಡೆದಿವೆಯೋ ಲೆಕ್ಕ ಇಲ್ಲ. ತಲೆ ದೊಡ್ಡದೋ ದೇಹ ದೊಡ್ಡದೋ, ಪೂರ್ಣತೆ ಅಂದರೇನು, ಅಸ್ಮಿತೆ ಅಂದರೇನು. ಎಲ್ಲಾ ಸರಿ. ಆದರೆ ನನಗೆ ಈ ಸಲ ಅದು ಬೇರೆಯೇ ನಾಟಕದ ಥರ ಕಾಣಿಸಿತು. ಇಬ್ಬರು ಗೆಳೆಯರು ಒಬ್ಬರಿಗೊಬ್ಬರು ಬಾಯಿಬಿಟ್ಟು ಮಾತಾಡಲಾಗದೆ ತಲೆಯನ್ನೇ ಕೊಟ್ಟುಬಿಡುವ ನಾಟಕ ಅದು. ತಮಾಷೆ ಇರೋದು ಅಲ್ಲಿ, ಸಂಕಟ ಇರೋದೂ ಅಲ್ಲೇ.

ಸ್ವಲ್ಪ ಹಿಂದೆ ಹೋಗೋಣ. ಈ ಕಥೆಯ ಮೂಲ ಬೇತಾಳ ಕಥೆಗಳಲ್ಲಿದೆ, ಸೋಮದೇವನ ‘ಕಥಾಸರಿತ್ಸಾಗರ’ದಲ್ಲೂ ಬರುತ್ತೆ. ಅಲ್ಲಿ ತಲೆ ಕಡಿದುಕೊಳ್ಳುವ ಇಬ್ಬರು ಗೆಳೆಯರೇ ಅಲ್ಲ. ಒಬ್ಬ ಗಂಡ, ಇನ್ನೊಬ್ಬ ಆ ಹೆಣ್ಣಿನ ಅಣ್ಣ. ಬೇತಾಳ ಒಗಟು ಹಾಕ್ತಾನೆ, ರಾಜ ‘ತಲೆ ಯಾರದೋ ಅವನೇ ಗಂಡ’ ಅಂತಾನೆ, ಕಥೆ ಮುಗೀತು. ಜರ್ಮನಿಯ ಥಾಮಸ್ ಮನ್ 1940ರಲ್ಲಿ ಇದನ್ನೇ ಇಟ್ಟುಕೊಂಡು ಒಂದು ಕಿರುಕಾದಂಬರಿ ಬರೆದ. ಅವನು ಅಣ್ಣನನ್ನು ತೆಗೆದು ಗೆಳೆಯನನ್ನು ತಂದ. ಕಾರ್ನಾಡರು ಆ ಗೆಳೆಯನನ್ನು ಉಳಿಸಿಕೊಂಡರು. ಈ ಒಂದು ಬದಲಾವಣೆಯಿಂದ ಒಗಟು ನಾಟಕವಾಯಿತು. ಯಾಕಂದರೆ ಭಾವಮೈದ ಯಾರು ಅಂತ ಶಾಸ್ತ್ರ ಹೇಳುತ್ತೆ. ಗೆಳೆಯ ಯಾರು, ಅವನಿಗೆ ಏನು ಹಕ್ಕಿದೆ, ಏನು ಇಲ್ಲ ಅನ್ನೋದಕ್ಕೆ ಯಾವ ಶಾಸ್ತ್ರವೂ ಇಲ್ಲ.

ಇನ್ನೊಂದು ವಿಷಯ ನೋಡಿ. ನಾಟಕದ ಶುರುವಿಗೆ ಭಾಗವತ ಈ ಇಬ್ಬರ ಸ್ನೇಹವನ್ನು ಹೊಗಳ್ತಾನೆ. ಊರಿನವರಿಗೆ ಇವರನ್ನು ನೋಡಿದರೆ ಲವ–ಕುಶ, ರಾಮ–ಲಕ್ಷ್ಮಣ, ಕೃಷ್ಣ–ಬಲರಾಮ ನೆನಪಾಗ್ತಾರಂತೆ. ಮೂರೂ ಜೋಡಿ ಅಣ್ಣತಮ್ಮಂದಿರು! ಧರ್ಮಪುರದ ಜನಕ್ಕೆ ಸ್ನೇಹವನ್ನು ಸ್ನೇಹ ಅಂತಲೇ ಹೊಗಳಲು ಒಂದು ಉದಾಹರಣೆ ಸಿಗಲಿಲ್ಲ. ಹುಣಸೂರಿನ ಜನಕ್ಕೆ ಸಿಗ್ತಿತ್ತು. ನನ್ನ ಹಿಂದೆ ಕೂತಿದ್ದ ಹಿರಿಯರೊಬ್ಬರು ತಕ್ಷಣ ಅಂದರು, ‘ಕರ್ಣ ದುರ್ಯೋಧನ ಬುಟ್ಬುಟ್ನಲ್ಲಪ್ಪ!’

‘ಯಾವ ಪೌರಾಣಿಕ?’ ಅನ್ನೋ ಪ್ರಶ್ನೆ ಬರೋದು ಇಲ್ಲಿಂದಲೇ. ನಮ್ಮ ನಾಲ್ಕೂ ತಾಲ್ಲೂಕಿನ ಹಳ್ಳಿಗಳಲ್ಲಿ ನಾಟಕ ಅಂದರೆ ‘ಕುರುಕ್ಷೇತ್ರ’. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸ್ತಾರೆ, ಸೀನರಿ ಬಾಡಿಗೆಗೆ ಬರುತ್ತೆ, ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ರೇಟು ಜಾಸ್ತಿ. ನಮ್ಮ ದೊಡ್ಡಪ್ಪ ಒಮ್ಮೆ ಕರ್ಣನಾಗಲು ಒಂದು ಕರು ಮಾರಿದ್ದರು. ಹಾಗಾಗಿ ನಮ್ಮ ಕಡೆ ಸ್ನೇಹ ಅಂದರೆ ಮೊದಲು ನೆನಪಾಗೋದು ಕರ್ಣ ದುರ್ಯೋಧನರೇ. ಭಾನುಮತಿಯ ಜೊತೆ ಪಗಡೆ ಆಡುವಾಗ ಕರ್ಣನ ಕೈಯಿಂದ ಅವಳ ಮುತ್ತಿನ ಹಾರ ಹರಿಯುತ್ತೆ. ಆ ಹೊತ್ತಿಗೆ ಗಂಡ ಬರ್ತಾನೆ. ಅನುಮಾನ ಪಡೋದಿಲ್ಲ, ಚೆಲ್ಲಿದ ಮುತ್ತು ಆಯ್ದುಕೊಡ್ಲಾ ಅಂತ ಕೇಳ್ತಾನೆ. ಪಂಪನೂ ‘ವಿಕ್ರಮಾರ್ಜುನ ವಿಜಯ’ದಲ್ಲಿ ಈ ಪ್ರಸಂಗವನ್ನು ಕರ್ಣನ ಬಾಯಿಂದಲೇ ಹೇಳಿಸಿದ್ದಾನೆ. ಇಂಥ ಗೆಳೆಯನನ್ನು ಬಿಟ್ಟು ಹೇಗೆ ಬರಲಿ ಅನ್ನೋದು ಕರ್ಣನ ವಾದ.

ದೇವದತ್ತನಿಗೆ ಆ ದೊಡ್ಡ ಮನಸ್ಸಿಲ್ಲ. ಉಜ್ಜಯಿನಿಗೆ ಹೊರಟ ಗಾಡಿಯಲ್ಲಿ ಹೆಂಡತಿ ಗೆಳೆಯನನ್ನು ನೋಡೋ ರೀತಿ ಅವನಿಗೆ ಗೊತ್ತಾಗುತ್ತೆ. ಕೇಳೋದಿಲ್ಲ. ‘ನೀವಿಬ್ಬರೂ ಹೋಗಿಬನ್ನಿ, ನಾನಿಲ್ಲೇ ಇರ್ತೀನಿ’ ಅಂತ ಅವರನ್ನು ರುದ್ರನ ಗುಡಿಗೆ ಕಳಿಸಿ, ತಾನು ಕಾಳಿಯ ಗುಡಿಗೆ ಹೋಗಿ ತಲೆ ಕಡಿದುಕೊಳ್ತಾನೆ. ನಮಗೆ ಗೊತ್ತಿರೋ ವರಸೆಯೇ. ಮೀಟಿಂಗಲ್ಲಿ ‘ಪರವಾಗಿಲ್ಲ, ನೀವೇ ಪ್ರೆಸೆಂಟ್ ಮಾಡಿ’ ಅಂದು ಆಮೇಲೆ ರಾಜೀನಾಮೆ ಕೊಡೋರು ಇರ್ತಾರಲ್ಲ, ಹಾಗೆ.

ಆದರೆ ಕರ್ಣನ ಸ್ನೇಹ ಮಾತ್ರ ಅಷ್ಟು ಸಲೀಸಾ? ಅಂಗರಾಜ್ಯ ಕೊಟ್ಟವನು ದುರ್ಯೋಧನ. ಹಳಗನ್ನಡದಲ್ಲಿ ಅದಕ್ಕೆ ‘ಜೋಳದ ಪಾಳಿ’ ಅಂತ ಒಂದು ಮಾತಿದೆ. ಉಂಡ ಅನ್ನಕ್ಕೆ ಪ್ರಾಣ ತೆರಬೇಕು. ಕರ್ಣ ತೆತ್ತ. ಕಪಿಲನದೂ ಹಾಗೇ. ತನ್ನಂಥ ಒಡ್ಡನನ್ನು ಮನುಷ್ಯನಾಗಿ ಮಾಡಿದವನು ದೇವದತ್ತ ಅಂತ ಅವನು ನಂಬಿದ್ದಾನೆ. ಕಮ್ಮಾರನ ಮಗನಿಗೆ ಬ್ರಾಹ್ಮಣರ ಹುಡುಗ ಕೈಹಿಡಿದು ಬೀದಿಯಲ್ಲಿ ಕರೆದುಕೊಂಡು ಹೋದದ್ದೇ ಒಂದು ಋಣ. ಋಣದಲ್ಲಿರೋನು ಗೆಳೆಯನಿಗೆ ‘ಇಲ್ಲ ಕಣೋ’ ಅನ್ನಲಾರ. ‘ನನಗೂ ಅವಳ ಮೇಲೆ ಮನಸ್ಸು’ ಅಂತಂತೂ ಅನ್ನಲೇ ಆರ.

ಹಾಗಾಗಿ ನಾಟಕದ ಎದೆ ಇರೋದು ಕಾಳಿಯ ದೃಶ್ಯದಲ್ಲಿ. ನಿದ್ದೆಗಣ್ಣಲ್ಲಿ ಆಕಳಿಸ್ತಾ ಬರುವ ದೇವಿ. ಪದ್ಮಿನಿ ಗೆಳೆಯರ ತ್ಯಾಗವನ್ನು ಹೊಗಳಿದರೆ ದೇವಿ ನಗ್ತಾಳೆ. ಇಬ್ಬರೂ ಕೊನೇ ಉಸಿರಿನವರೆಗೆ ಸುಳ್ಳು ಹೇಳಿದರು ಅಂತಾಳೆ. ಕಪಿಲ ಸತ್ತದ್ದು ಸ್ನೇಹಕ್ಕಲ್ಲ, ಹೆಣ್ಣಿಗಾಗಿ ಗೆಳೆಯನನ್ನು ಕೊಂದ ಅಂತ ಊರು ಆಡಿಕೊಳ್ಳುತ್ತೆ ಅನ್ನೋ ಭಯಕ್ಕೆ. ಸ್ವಾರ್ಥವನ್ನು ಸ್ವಾರ್ಥ ಅಂತಲೇ ಹೇಳಿದವಳು ಪದ್ಮಿನಿ ಒಬ್ಬಳೇ. ಬೆಂಗಳೂರಿನ ರಂಗಶಂಕರದಲ್ಲಿ ಈ ನಾಟಕ ನೋಡಿದಾಗ ಈ ಮಾತಿಗೆ ದೊಡ್ಡ ನಗು ಬಂದಿತ್ತು. ಹುಣಸೂರಲ್ಲಿ ನಗು ಬಂದದ್ದು ಆಕಳಿಕೆಗೆ ಮಾತ್ರ. ಸುಳ್ಳು ಅಂದಾಗ ಮೈದಾನ ಸುಮ್ಮನಾಯಿತು. ಕರ್ಣನಿಗೆ ಕರು ಮಾರಿದ ಊರುಗಳಿವು. ತ್ಯಾಗವನ್ನು ಸುಳ್ಳು ಅಂದರೆ ಇಲ್ಲಿ ಜೋಕ್ ಆಗಲ್ಲ.

ಆ ಮೌನವನ್ನು ತಂಡ ಹಿಡಿದುಕೊಳ್ಳಲಿಲ್ಲ ಅನ್ನೋದೇ ನನ್ನ ತಕರಾರು. ಕಾಳಿಯ ಪಾತ್ರಧಾರಿ ಚಪ್ಪಾಳೆ ಸಿಕ್ಕ ಖುಷಿಗೆ ಆಕಳಿಕೆಯನ್ನು ನಾಲ್ಕು ಸಲ ಎಳೆದರು. ಅದು ಕ್ಷಮಿಸಬಹುದಾದ ತಪ್ಪು. ಕ್ಷಮಿಸಲಾಗದ್ದು ಕೊನೆಯಲ್ಲಿ. ತಲೆ ಬದಲಾಗಿ, ಋಷಿ ತೀರ್ಪು ಕೊಟ್ಟು, ವರ್ಷಗಳು ಕಳೆದು, ದೇಹಗಳು ತಮ್ಮ ತಮ್ಮ ತಲೆಗೆ ತಕ್ಕಂತೆ ಮತ್ತೆ ಹಳೇ ಥರ ಆದ ಮೇಲೆ, ಕಾಡಿನಲ್ಲಿ ಗೆಳೆಯರು ಎದುರಾಗ್ತಾರೆ. ದೇವದತ್ತನ ಕೈಯಲ್ಲಿ ಕತ್ತಿ. ಅಲ್ಲಿ ಅವರು ಜೀವಮಾನದಲ್ಲಿ ಮೊದಲ ಸಲ ನೇರವಾಗಿ ಮಾತಾಡ್ತಾರೆ. ಅವಳನ್ನು ಪ್ರೀತಿಸ್ತೀಯಾ? ಹೌದು. ನಾನೂ. ಪಾಂಡವರು ದ್ರೌಪದಿಯ ಹಾಗೆ ಮೂವರೂ ಒಟ್ಟಿಗೆ ಇರಬಹುದಾ ಅಂತಲೂ ಕೇಳಿಕೊಳ್ತಾರೆ. ಆಗಲ್ಲ ಅಂತ ಇಬ್ಬರಿಗೂ ಗೊತ್ತಾಗುತ್ತೆ. ಕೋಪ ಇಲ್ಲ, ದೂರು ಇಲ್ಲ. ಆಮೇಲೆ ಯುದ್ಧ, ಸಾವು.

ಈ ಪುಟ್ಟ ಮಾತುಕತೆಗೇ ಇಡೀ ನಾಟಕ ಕಾದು ಕೂತಿರುತ್ತೆ. ನಮ್ಮ ತಂಡ ಅದನ್ನು ಗಡಗಡ ಒಪ್ಪಿಸಿ, ಮಿಣಮಿಣ ಬೆಳಕು ಹಾಕಿ, ಹತ್ತು ನಿಮಿಷ ಕತ್ತಿ ಕುಣಿತ ಮಾಡಿಸಿತು. ಮಾತಿಗೆ ಒಂದು ನಿಮಿಷ, ಕುಣಿತಕ್ಕೆ ಹತ್ತು. ಕುಣಿತ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಗೆಳೆಯರು ಕೊನೆಗೂ ಬಾಯಿಬಿಟ್ಟರು ಅನ್ನೋದು ನೋಡೋರಿಗೆ ಗೊತ್ತೇ ಆಗಲಿಲ್ಲ. ಹೊಡೆದಾಡಿ ಸತ್ತರು ಅಂತಷ್ಟೇ ಕಂಡಿತು. ಎಚ್.ಡಿ. ಕೋಟೆಯ ಪ್ರದರ್ಶನಕ್ಕೆ ಮುಂಚೆ ಇದೊಂದು ತಿದ್ದಿಕೊಳ್ಳಲಿ. ಇಬ್ಬರೂ ಕತ್ತಿ ಕೆಳಗಿಟ್ಟು, ಕೂತು ಮಾತಾಡಲಿ. ಆಮೇಲೆ ಬೇಕಾದಷ್ಟು ಕುಣಿಯಲಿ.

ತಂಡ ಗೆದ್ದದ್ದು ಎರಡು ಕಡೆ. ಮೊದಲನೆಯದು ಪದ್ಮಿನಿ. ಹೆಣಗಳ ನಡುವೆ ನಿಂತ ಆ ನಟಿ ಅಳಲಿಲ್ಲ. ಇವರಿಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿಕೊಂಡು ತನ್ನನ್ನು ಮತ್ತೆ ಹೊರಗಿಟ್ಟರಲ್ಲ ಅನ್ನೋ ಮಾತನ್ನು ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಬಂದಾಗ ಹೇಳುವ ಹಾಗೆ, ಅಷ್ಟು ಸಹಜವಾಗಿ ಹೇಳಿದರು. ಗಂಡಸರ ಸ್ನೇಹದ ಬಗ್ಗೆ ನಾವು ಬರೆದುಕೊಂಡ ಎಲ್ಲ ಹಾಡಿಗೂ ಅದೊಂದು ತಣ್ಣನೆಯ ಉತ್ತರ.

ಎರಡನೆಯದು ಕೊನೇ ದೃಶ್ಯ. ಪದ್ಮಿನಿಯ ಮಗ ಐದು ವರ್ಷದವನು. ಮಾತಾಡಲ್ಲ, ನಗಲ್ಲ, ಎರಡು ಗೊಂಬೆ ಬಿಗಿಯಾಗಿ ಹಿಡಿದುಕೊಂಡು ನಿಂತಿರ್ತಾನೆ. ಹಯವದನ ಈಗ ಪೂರ್ತಿ ಕುದುರೆಯಾಗಿದ್ದಾನೆ, ಆದರೆ ದನಿ ಮಾತ್ರ ಮನುಷ್ಯನದು. ಕುದುರೆ ಮಾತಾಡೋದು ನೋಡಿ ಮಗು ಕಿಲಕಿಲ ನಗುತ್ತೆ, ಮತ್ತೆ ನಗು ಅನ್ನುತ್ತೆ. ನಕ್ಕು ನಕ್ಕು ಕುದುರೆಗೆ ಕುದುರೆಯ ಕೆನೆತ ಬರುತ್ತೆ. ಇಡೀ ನಾಟಕದಲ್ಲಿ ಋಣ ಇಲ್ಲದ ಸ್ನೇಹ ಇದೊಂದೇ. ಒಬ್ಬ ಇನ್ನೊಬ್ಬನಿಗೆ ಏನೂ ಕೊಡಲು ಹೊರಟಿಲ್ಲ. ಇಬ್ಬರಿಗೂ ಬೇಕಾದದ್ದು ಸಿಕ್ಕಿತು. ಮಗುವಿನ ಪಾತ್ರ ಮಾಡಿದ ಹುಡುಗನಿಗೆ ನಿಜವಾಗಲೂ ನಗು ತಡೆಯಲಾಗಲಿಲ್ಲ, ಮೈದಾನವೆಲ್ಲ ನಕ್ಕಿತು. ಪಕ್ಕದಲ್ಲಿ ಕೂತವನೂ ನಕ್ಕ. ಆ ನಗು ನನಗೆ ಹತ್ತನೇ ಕ್ಲಾಸಿನಿಂದ ಗೊತ್ತು.

ಹೊರಗೆ ಬಂದು ಟೀ ಕುಡಿದೆವು. ‘ಮೊದ್ಲೇ ಮಾತಾಡ್ಕೊಂಡಿದ್ರೆ ಇಷ್ಟೆಲ್ಲ ಆಯ್ತಿರ್ನಿಲ್ಲ ಅಲ್ವಾ?’ ಅಂದೆ. ನಾಟಕದ ಬಗ್ಗೆ ಹೇಳುವವನ ಹಾಗೆ.

‘ಮಾತಾಡ್ಬಹುದಿತ್ತು’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಬಡ್ಡಿ ಯಾಕ್ಲಾ ಹಾಕ್ದೆ?’

ಮೂರು ವರ್ಷದ ಮೇಲೆ ಬಂದ ಪ್ರಶ್ನೆ. ಅಸಲು ಕೊಟ್ಟಿದ್ದರೆ ಗೆಳೆಯ ಸಾಲ ತೀರಿಸಿದ ಅಂತಾಗ್ತಿತ್ತು. ಬಡ್ಡಿ ಸೇರಿಸಿ ಅವನನ್ನು ಬ್ಯಾಂಕು ಮಾಡಿಬಿಟ್ಟಿದ್ದೆ. ‘ಗೊತ್ತಾಗ್ಲಿಲ್ಲ ಕಣೋ’ ಅಂದೆ. ಅದು ಸುಳ್ಳು. ಅವನ ಋಣ ಒಂದು ರೂಪಾಯಿಯಷ್ಟೂ ಉಳಿಯಬಾರದು ಅಂತಲೇ ಹಾಕಿದ್ದೆ. ಕಾಳಿ ಎಲ್ಲಿದ್ದರೂ ಆಕಳಿಸಿರಬೇಕು. ಒಂದು ಗುಟುಕು ಕುಡಿದು, ಅದನ್ನೂ ಹೇಳಿದೆ.

ಅವನು ಲೋಟ ಕೆಳಗಿಟ್ಟ. ಹರಾಜಿನಲ್ಲಿ ಈ ಸಲ ಸೊಪ್ಪಿಗೆ ಎಂಥ ರೇಟು ಅಂತ ಶುರು ಮಾಡಿದ. ಟೀ ದುಡ್ಡು ನಾನು ಕೊಡಲು ಹೋದರೆ ಕೈ ತಳ್ಳಿದ. ನಾನು ಸುಮ್ಮನಾದೆ.