‘ಕಾನ್-ಟಿಕಿ’ಯನ್ನು ಮತ್ತೆ ಓದಿದಾಗ

ಥೋರ್ ಹೇಯರ್ಡಾಲರ ‘ಕಾನ್-ಟಿಕಿ’ ಸಾಹಸಪ್ರಿಯರು ಕೈಯಿಂದ ಕೈಗೆ ದಾಟಿಸುತ್ತ ಬಂದ ಪುಸ್ತಕ. 1948ರಲ್ಲಿ ನಾರ್ವೆಯಲ್ಲಿ ಪ್ರಕಟವಾಗಿ, 1950ರಲ್ಲಿ ಇಂಗ್ಲಿಷಿಗೆ ಬಂದು, ಅಲ್ಲಿಂದ ಹತ್ತಾರು ಭಾಷೆಗಳಿಗೆ ಹೋಯಿತು. ಅದರ ಚಲನಚಿತ್ರಕ್ಕೆ 1951ನೆಯ ಸಾಲಿನ ಆಸ್ಕರ್ ಕೂಡ ದೊರೆಯಿತು. ಈಚೆಗೆ ನಾವು ಅದನ್ನು ಮತ್ತೊಮ್ಮೆ ಓದಿದೆವು. ಕಥೆಯ ಬಗೆಗಿನ ಮೆಚ್ಚಿಕೆ ಕಡಿಮೆಯಾಗಲಿಲ್ಲ. ಲೇಖಕರ ವಾದದ ಬಗ್ಗೆ ಮಾತ್ರ ನಾಲ್ಕು ಮಾತು ಹೇಳಲೇಬೇಕೆನಿಸಿತು.

ಕಥೆ ಇಷ್ಟು. 1947ರ ಏಪ್ರಿಲ್ 28ರಂದು ಪೆರು ದೇಶದ ಕಾಯಾವೋ ಬಂದರಿನಿಂದ ಆರು ಮಂದಿ ಒಂದು ತೆಪ್ಪದಲ್ಲಿ ಹೊರಡುತ್ತಾರೆ. ಒಂಬತ್ತು ಬಾಲ್ಸಾ ದಿಮ್ಮಿಗಳು, ಅವನ್ನು ಬಿಗಿದ ಹಗ್ಗ, ಮೇಲೊಂದು ಬಿದಿರ ಗುಡಿಸಲು, ಒಂದು ಹಾಯಿ. ಮೊಳೆಯೆಂಬುದಿಲ್ಲ. 101 ದಿನಗಳಲ್ಲಿ ಸುಮಾರು 6,900 ಕಿಲೋಮೀಟರ್ ಸಾಗಿ, ಆಗಸ್ಟ್ 7ರಂದು ರಾರೋಯಿಯಾ ದ್ವೀಪದ ಹವಳದ ದಿಬ್ಬಕ್ಕೆ ಬಡಿಯುತ್ತಾರೆ. ಯಾರೂ ಸಾಯುವುದಿಲ್ಲ. ಬೆಳಗಾಗೆದ್ದು ಅಡಿಗೆಯವನು ತೆಪ್ಪದ ಮೇಲೆ ತಾವಾಗಿಯೇ ಬಂದು ಬಿದ್ದ ಹಾರುವ ಮೀನುಗಳನ್ನು ಆಯ್ದುಕೊಳ್ಳುವ ಪುಟಗಳನ್ನು ಶಾಕಾಹಾರಿಗಳೂ ಬಾಯಿ ಚಪ್ಪರಿಸಿಕೊಂಡೇ ಓದಿಯಾರು! ಹೇಯರ್ಡಾಲರ ಬರವಣಿಗೆಯಲ್ಲಿ ಹಾಸ್ಯವಿದೆ, ಭಯವಿದೆ, ಬಡಾಯಿ ಕಡಿಮೆ.

ಬಡಾಯಿಯೆಲ್ಲ ಸಿದ್ಧಾಂತದಲ್ಲಿದೆ. ಪಾಲಿನೇಷ್ಯದ ದ್ವೀಪಗಳಿಗೆ ಮೊದಲು ಬಂದವರು ಪಶ್ಚಿಮದ ಏಷ್ಯದ ಕಡೆಯವರಲ್ಲ, ಪೆರುವಿನಿಂದ ಗಾಳಿ ಪ್ರವಾಹಗಳ ಮೇಲೆ ಬಂದ ಬಿಳಿಯ ಗಡ್ಡಧಾರಿಗಳು ಎಂಬುದು ಅವರ ವಾದ. ಮಹಾಶಿಲ್ಪಗಳನ್ನು ಕಡೆದವರೂ ಅವರೇ ಅಂತೆ. ಸಾವಿರಾರು ವರ್ಷ ಸಮುದ್ರವನ್ನೇ ಅಂಗಳ ಮಾಡಿಕೊಂಡ ದ್ವೀಪದ ಜನರ ಪಾಲಿಗೆ ಉಳಿಯುವುದೇನು? ಈ ಪ್ರಶ್ನೆ ಪುಸ್ತಕದಲ್ಲಿ ಎಲ್ಲಿಯೂ ಏಳುವುದಿಲ್ಲ.

ವಾದಕ್ಕೆ ಉತ್ತರ ಪುಸ್ತಕದೊಳಗೇ ಇದೆಯೆಂಬುದು ನಮ್ಮ ಅಭಿಪ್ರಾಯ. ರಾರೋಯಿಯಾಕ್ಕೆ ಮುಂಚೆ ಅವರಿಗೆ ಅಂಗಟಾವ್ ದ್ವೀಪ ಸಿಗುತ್ತದೆ. ದಡ ಕಾಣುತ್ತದೆ, ಸೇರಲಾಗುವುದಿಲ್ಲ. ದ್ವೀಪದವರು ಸಣ್ಣ ದೋಣಿಗಳಲ್ಲಿ ಬಂದು ಹಗ್ಗ ಕಟ್ಟಿ ಎಳೆಯುತ್ತಾರೆ. ಎದುರುಗಾಳಿಗೆ ತೆಪ್ಪ ಜಗ್ಗುವುದಿಲ್ಲ. ದಡಕ್ಕೆ ಹೋಗಿದ್ದ ತಂಡದ ಕ್ನೂಟ್ ಹಾಗ್ಲೆಂಡರನ್ನು ಮರಳಿ ತಂದು ಬಿಡುವವರೂ ಅದೇ ದೋಣಿಯವರೇ. ಗಾಳಿ ಒಯ್ದ ಕಡೆಗೆ ಹೋಗುವ ತೆಪ್ಪ, ಬೇಕಾದ ಕಡೆಗೆ ಹೋಗಿ ಬರುವ ದೋಣಿ, ಎರಡೂ ಪಕ್ಕಪಕ್ಕದಲ್ಲಿ ನಿಂತಿವೆ. ಲೇಖಕರು ಅದನ್ನು ಸೊಗಸಾಗಿ ವರ್ಣಿಸುತ್ತಾರೆ, ಅದರಿಂದ ಏನನ್ನೂ ತೀರ್ಮಾನಿಸುವುದಿಲ್ಲ! ಇನ್ನೊಂದು: ಬಂದರಿನಿಂದ ಸುಮಾರು 50 ಮೈಲಿ ಅವರನ್ನು ಎಳೆದು ಬಿಟ್ಟದ್ದು ನೌಕಾಪಡೆಯ ಹಡಗು, ದಾರಿ ಲೆಕ್ಕ ಹಾಕಿದ್ದು ಸೆಕ್ಸ್‌ಟೆಂಟಿನಿಂದ. ಹಾಗೆ ಮಾಡಿದ್ದು ತಪ್ಪಲ್ಲ. ಆದರೆ ಬಾಲ್ಸಾ ತೆಪ್ಪ ಮುಳುಗದೆ ಅಷ್ಟು ದೂರ ತೇಲಬಲ್ಲದೆಂಬುದಷ್ಟೇ ಇದರಿಂದ ಸಿದ್ಧವಾಯಿತು. ತೇಲಬಹುದು ಎಂಬುದು ಬೇರೆ, ತೇಲಿಬಂದರು ಎಂಬುದು ಬೇರೆ.

ಈ ಊರುಗಳಿಗೆ ಬಂದು ನೆಲಸಿದ ನಮ್ಮಂಥವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಪಾಡಿಗೆ ಕೊಚ್ಚಿಕೊಂಡು ಬಂದವರು ಎಂದು ನಮ್ಮ ಹಿರಿಯರ ಬಗ್ಗೆ ಹೇಳುವುದನ್ನು ಕೇಳಿದ್ದೇವೆ. ಅವರು ಜೇಬಿನಲ್ಲಿ ದಾಯಾದಿಯೊಬ್ಬರ ವಿಳಾಸ ಇಟ್ಟುಕೊಂಡು, ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕೆಂದು ಮೊದಲೇ ಕಾಗದ ಬರೆದು ಕೇಳಿ ಬಂದವರು.

ಸಮುದ್ರದ ಮೇಲೆ ಉತ್ತರ 1976ರಲ್ಲಿ ಬಂತು. ಹವಾಯಿಯವರು ಹಳೆಯ ಮಾದರಿಯ ‘ಹೊಕುಲೇಆ’ ಎಂಬ ಜೋಡಿದೋಣಿ ಕಟ್ಟಿಸಿ ಮೇ 1ರಂದು ಟಹೀಟಿಗೆ ಹೊರಟರು. ದಾರಿ 4,000 ಕಿಲೋಮೀಟರಿಗೂ ಹೆಚ್ಚು. ದಿಕ್ಸೂಚಿ ಇಲ್ಲ, ನಕ್ಷೆ ಇಲ್ಲ. ದಾರಿ ತೋರಿದವರು ಕ್ಯಾರೊಲೈನ್ ದ್ವೀಪಗಳ ಸತಾವಲ್‌ನ ಮಾವ್ ಪಿಯೈಲುಗ್. ನಕ್ಷತ್ರಗಳು ಹುಟ್ಟಿ ಮುಳುಗುವ ತಾಣಗಳನ್ನೂ ಅಲೆಗಳ ಏರಿಳಿತವನ್ನೂ ನೋಡಿಕೊಂಡು ಅವರು ಜೂನ್ 4ರಂದು ಪಪೇಟೆ ಬಂದರಿಗೆ ಮುಟ್ಟಿಸಿದರು. ‘ಹೊಕುಲೇಆ’ ಎಂದರೆ ಸಂತೋಷದ ನಕ್ಷತ್ರ. ಅದು ನಮ್ಮ ಸ್ವಾತಿಯೇ. ಸ್ವಾತಿ ಹವಾಯಿಯ ನೆತ್ತಿಯ ಮೇಲೆ ಹಾದುಹೋಗುತ್ತದೆ. ಅದು ನಡುನೆತ್ತಿಗೆ ಬರುವ ತನಕ ಉತ್ತರಕ್ಕೆ ಸಾಗಿದರೆ ಆ ದ್ವೀಪಗಳ ಅಕ್ಷಾಂಶ ಸಿಕ್ಕಿತು. ಟಹೀಟಿಗೆ ಹಾಗೆ ಲುಬ್ಧಕ. ಮುಂಬಯಿಯ ಅಕ್ಷಾಂಶವೂ 19 ಡಿಗ್ರಿಯ ಹತ್ತಿರವೇ ಆದ್ದರಿಂದ, ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ ಅಲ್ಲಿನ ಓದುಗರು ಕಟ್ಟಡದ ಗಚ್ಚಿಯ ಮೇಲೆ ನಿಂತು ಕತ್ತೆತ್ತಿದರೆ ಸ್ವಾತಿ ನೇರ ತಲೆಯ ಮೇಲಿರುತ್ತದೆ. ಮಕ್ಕಳಿಗೆ ತೋರಿಸತಕ್ಕದ್ದು.

ಹೇಯರ್ಡಾಲರಿಗೂ ನ್ಯಾಯ ಸಲ್ಲಬೇಕು. ನಾವು ಉಪವಾಸದ ದಿನ ಬೇಯಿಸಿ ತಿನ್ನುವ ಗೆಣಸು ಅಮೆರಿಕ ಖಂಡದ ಗಡ್ಡೆ. ಯುರೋಪಿನವರು ಕಾಲಿಡುವ ಮೊದಲೇ ಅದು ಪಾಲಿನೇಷ್ಯದಲ್ಲಿತ್ತು. ಕ್ರಿ.ಶ. 1200ರ ಸುಮಾರಿಗೆ ಎರಡು ಕಡೆಯ ಜನ ಬೆರೆತಿದ್ದರೆಂದು 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಸಂಪರ್ಕವಿತ್ತೆಂಬ ಅವರ ಹಟ ಹುಸಿಯಲ್ಲ. ಯಾರು ಯಾರ ಬಳಿಗೆ ಹೋದರೆಂಬುದು ಬೇರೆ ಮಾತು. ದ್ವೀಪವಾಸಿಗಳ ಭಾಷೆ, ಬೆಳೆ, ಸಾಕುಪ್ರಾಣಿಗಳಲ್ಲಿ ಬಹುಪಾಲು ಪಶ್ಚಿಮದಿಂದ ಬಂದವೇ.

‘ಕಾನ್-ಟಿಕಿ’ ಓದಿದವರು ಅದರ ಬೆನ್ನಿಗೇ ಡೇವಿಡ್ ಲೂಯಿಸರ ‘ವಿ, ದ ನ್ಯಾವಿಗೇಟರ್ಸ್’ (1972) ಓದಬೇಕು. ರೀಫ್ ದ್ವೀಪಗಳ ತೆವಾಕೆ, ಪುಲುವತ್‌ನ ಹಿಪೋರ್ ಇವರ ಜೊತೆ ಸಮುದ್ರಕ್ಕೆ ಹೋಗಿ, ಅವರನ್ನೇ ಕೇಳಿ ಬರೆದದ್ದು. ಕಥೆಯ ಓಟವಿಲ್ಲ, ನಕ್ಷೆಗಳು ವಿಪರೀತ; ಒಂದೇ ರಜೆಯಲ್ಲಿ ಮುಗಿಯುವಂಥದ್ದಲ್ಲ.