ಹಳೆಯ ಚಲನಚಿತ್ರಗಳ ಪಾಠಶೋಧನೆ

ಓಲೆಗರಿಯ ಕಾವ್ಯವನ್ನು ಅಚ್ಚಿಗೆ ಸಿದ್ಧಪಡಿಸುವ ಸಂಪಾದಕನು ತನಗೆ ದೊರೆತ ಪ್ರತಿಗಳಾವುವು, ಎಲ್ಲಿ ಅಕ್ಷರ ಲುಪ್ತವಾಗಿದ್ದಿತು, ಎಲ್ಲಿ ತಾನು ಊಹಿಸಿ ತುಂಬಿದನು ಎಂಬುದನ್ನು ಪೀಠಿಕೆಯಲ್ಲಿ ನಿವೇದಿಸುತ್ತಾನೆ. ಹಳೆಯ ಚಲನಚಿತ್ರಗಳನ್ನು ಜೀರ್ಣೋದ್ಧಾರ ಮಾಡಿ ಡಿವಿಡಿಯ ರೂಪದಲ್ಲಿ ಹೊರತಂದವರಲ್ಲಿ ಈ ಮರ್ಯಾದೆಯನ್ನು ಪಾಲಿಸಿದವರು ವಿರಳ. ಇದರಿಂದ ಕನ್ನಡ ಚಿತ್ರಗಳ ಅಧ್ಯಯನಕ್ಕೆ ಒದಗಿರುವ ತೊಡಕನ್ನು ಪ್ರಕೃತ ಪರಿಶೀಲಿಸುತ್ತೇವೆ.

ತೂಬಗೆರೆ ಸೀಮೆಯ ಓದುಗರಿಗೆ ವಿಷಯವು ದೂರದ್ದಲ್ಲ. 1971ರ ‘ಕಸ್ತೂರಿ ನಿವಾಸ’ವನ್ನು ನಿರ್ಮಿಸಿದ ಕೆ. ಸಿ. ಎನ್. ಗೌಡರು ಈ ಹೋಬಳಿ ಸೇರಿರುವ ದೊಡ್ಡಬಳ್ಳಾಪುರ ತಾಲ್ಲೂಕಿನವರೇ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 1965ರ ‘ಸತ್ಯ ಹರಿಶ್ಚಂದ್ರ’ವು 2008ರಲ್ಲಿ ವರ್ಣಲೇಪನಗೊಂಡು, ಸಿನಿಮಾಸ್ಕೋಪಿನ ಅಗಲಕ್ಕೆ ಹಿಗ್ಗಿ ಮರಳಿ ತೆರೆಗೆ ಬಂದುದು ಗೌಡರ ಮನೆತನದ ಸಾಹಸದಿಂದ. 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೂ ಬಣ್ಣ ಬಂದಿತು. ಹೊಸ ತಲೆಮಾರಿನವರು ರಾಜಕುಮಾರರ ಅಭಿನಯವನ್ನು ದೊಡ್ಡ ತೆರೆಯ ಮೇಲೆ ಕಂಡುದು ಈ ಸಾಹಸದ ಫಲವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಇದನ್ನು ಜೀರ್ಣೋದ್ಧಾರವೆಂದು ಕರೆಯುವುದು ಸಾಧುವಲ್ಲ. ಫಿಲ್ಮಿನ ಗೀರು, ಧೂಳು, ಕಂಪನಗಳನ್ನು ನಿವಾರಿಸುವುದು ಲಿಪಿಕಾರನ ದೋಷವನ್ನು ತಿದ್ದಿದಂತೆ. ವರ್ಣಲೇಪನವಾದರೋ ಟೀಕೆಯನ್ನೇ ಮೂಲದೊಳಗೆ ಸೇರಿಸಿದಂತೆ. ಕೆಂಪು ಸೀರೆಯೂ ಹಸುರು ಸೀರೆಯೂ ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಒಂದೇ ಬೂದುಬಣ್ಣವಾಗಿ ನಿಲ್ಲಬಹುದು. ಆದಕಾರಣ ಬೂದುಬಣ್ಣದಿಂದ ಮೂಲವರ್ಣವನ್ನು ನಿರ್ಣಯಿಸುವುದು ಅಸಾಧ್ಯ. ಚಂದ್ರಮತಿಯ ಸೀರೆಗೆ ಈಗ ಕಾಣುವ ಬಣ್ಣವು ಊಹಾಪಾಠವೇ ಸರಿ. ಅಲ್ಲದೆ ಛಾಯಾಗ್ರಾಹಕನು ದೃಶ್ಯವನ್ನು ಕಟ್ಟಿದುದು ಬೆಳಕು ನೆರಳುಗಳ ತಾರತಮ್ಯದಿಂದಲೇ ಹೊರತು ವರ್ಣಗಳಿಂದಲ್ಲ. ಸ್ಮಶಾನದ ಕತ್ತಲೆಗೆ ನೀಲಿಯನ್ನು ಬಳಿದರೆ ಕತ್ತಲೆಯ ಅರ್ಥವೇ ಬೇರೆಯಾಗುತ್ತದೆ.

ಚೌಕಟ್ಟಿನ ಮಾತು ಇನ್ನೂ ಗಹನವಾದುದು. ಅಂದಿನ ಸಾಮಾನ್ಯ ಚೌಕಟ್ಟು ಎತ್ತರ 1ಕ್ಕೆ ಅಗಲ 1.37ರಷ್ಟು, ಸಿನಿಮಾಸ್ಕೋಪಿನದು ಸುಮಾರು 2.35. ಅಗಲವನ್ನು ಉಳಿಸಿಕೊಂಡು ಆ ಆಕಾರಕ್ಕೆ ಕತ್ತರಿಸಿದರೆ ಮೂಲ ಚಿತ್ರದ ಎತ್ತರದಲ್ಲಿ ನೂರಕ್ಕೆ ಸುಮಾರು 42 ಭಾಗ ನಷ್ಟ. ಎಳೆದು ಹಿಗ್ಗಿಸಿದರೆ ಮುಖಗಳೇ ವಿಕಾರ. ಪದ್ಯದ ನಾಲ್ಕು ಪಾದಗಳಲ್ಲಿ ಒಂದೂವರೆ ಪಾದವನ್ನು ಬಿಟ್ಟು ಮುದ್ರಿಸಿದ ಸಂಪಾದಕನನ್ನು ನಾವು ಕ್ಷಮಿಸುವೆವೇ?

ಡಿವಿಡಿಯಲ್ಲಿ ಮತ್ತೊಂದು ಸೂಕ್ಷ್ಮವಿದೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡಬೇಕಾದ ಚಿತ್ರವು ಪಾಲ್ ಪದ್ಧತಿಯ ಮುದ್ರಿಕೆಯಲ್ಲಿ ಸಾಮಾನ್ಯವಾಗಿ 25ರಂತೆ ಓಡುತ್ತದೆ. ಮೂರು ಗಂಟೆಯ ಚಿತ್ರ ಏಳು ನಿಮಿಷ ಬೇಗ ಮುಗಿಯುತ್ತದೆ. ಶ್ರುತಿಯನ್ನು ಸರಿಪಡಿಸದಿದ್ದರೆ ಘಂಟಸಾಲರ ಕಂಠವೂ ಅರೆಸ್ವರಕ್ಕೆ ತುಸು ಕಡಮೆಯಷ್ಟು ಏರುತ್ತದೆ. ಮುದ್ರಿಕೆಯ ಹೊದಿಕೆಯ ಮೇಲೆ ಇದರ ಸುಳಿವೇ ಇರುವುದಿಲ್ಲ. ಅದನ್ನು ಕೇಳಿ ಗಾಯನಶೈಲಿಯನ್ನು ವಿಮರ್ಶಿಸುವ ವಿದ್ಯಾರ್ಥಿಯ ಪಾಡೇನು?

ಸರಿಯಾದ ಕ್ರಮಕ್ಕೆ ನಿದರ್ಶನವಿಲ್ಲದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇಟಲಿಯ ಬೊಲೋನ್ಯಾದ ಪ್ರಯೋಗಾಲಯದಲ್ಲಿ, ಮೂಲ ನೆಗೆಟಿವ್‌ನ ಆಧಾರದಿಂದ ಪುನರುಜ್ಜೀವಿತವಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ನಿರ್ದೇಶಕರ ಸಹಕಾರವಿದ್ದಿತು, ಆಧಾರವಾದ ಪ್ರತಿ ಯಾವುದೆಂಬುದನ್ನು ಪ್ರಕಟಿಸಲಾಯಿತು, ಎಸ್. ರಾಮಚಂದ್ರರ ಕಪ್ಪು ಬಿಳುಪು ಕಪ್ಪು ಬಿಳುಪಾಗಿಯೇ ಉಳಿಯಿತು.

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ದ (1934) ಪ್ರತಿಯೇ ಉಳಿದಿಲ್ಲವಾಗಿ ಅಲ್ಲಿ ಪಾಠಶೋಧನೆಯ ಮಾತೇ ಏಳದು. ಉಳಿದಿರುವ ಚಿತ್ರಗಳ ವಿಷಯದಲ್ಲಾದರೂ ಕಾಲೇಜುಗಳು ವರ್ಣಪ್ರತಿ ಬಂದಿತೆಂದು ಹಳೆಯ ಕಪ್ಪು ಬಿಳುಪಿನ ಮುದ್ರಿಕೆಗಳನ್ನು ವಿಲೇವಾರಿ ಮಾಡದೆ, ಅವುಗಳ ಅವಧಿ, ಚೌಕಟ್ಟು, ಪ್ರಕಟಣೆಯ ವರ್ಷಗಳನ್ನು ಗ್ರಂಥಾಲಯದ ಸೂಚಿಯಲ್ಲಿ ನಮೂದಿಸಿಡಬೇಕೆಂದು ನಾವು ಕೋರುತ್ತೇವೆ.