ಮಣಿಯ ಮಿಂಚುಳ್ಳಿಯನ್ನು ನೋಡುವ ಬಗೆ

ಮಣಿ ಕಸೂತಿಯ ಹಕ್ಕಿ ಬ್ರೋಚು ಮೊದಲ ನೋಟಕ್ಕೇ ಹೊಳೆಯುತ್ತದೆ. ಆದರೆ ಹೊಳಪು ಗಾಜಿನ ಗುಣ. ಹೊಲಿದವರ ಕೈಚಳಕ ಇರುವುದು ಮಣಿಸಾಲುಗಳ ಓಟದಲ್ಲಿ.

ಕೆರೆಯ ಬದಿಯ ತಂತಿಯ ಮೇಲೆ ಕೂರುವ ಮಿಂಚುಳ್ಳಿಯನ್ನೇ ನೆನೆಸಿಕೊಳ್ಳಿ: ಕಂದು ತಲೆ, ಬಿಳಿ ಎದೆ, ನೀಲಿ ರೆಕ್ಕೆ, ಕೆಂಪು ಕೊಕ್ಕು. ಈ ಬಣ್ಣಗಳನ್ನು ಯಾರಾದರೂ ತುಂಬಿಯಾರು. ತಲೆಯ ಸಾಲುಗಳು ಕೊಕ್ಕಿನ ಬುಡದಿಂದ ಹೊರಟು ಕತ್ತಿನತ್ತ ಬಾಗಿವೆಯೇ? ಎದೆಯ ಗಿಡ್ಡ ಸಾಲುಗಳು ಒಂದರ ಸಂದಿಗೆ ಇನ್ನೊಂದು ಸೇರುತ್ತ ಕೆಳಗಿಳಿದಿವೆಯೇ? ರೆಕ್ಕೆಯವು ಹೆಗಲಿನಿಂದ ತುದಿಯವರೆಗೆ ಚಾಚಿವೆಯೇ? ಗರಿ ಬೆಳೆಯುವ ದಿಕ್ಕಿಗೇ ದಾರ ಸಾಗಿದ್ದರೆ ಹಕ್ಕಿಗೆ ಜೀವ ಬರುತ್ತದೆ. ಇಡೀ ಮೈಗೆ ಅಡ್ಡಸಾಲು ಹೊಡೆದರೆ, ಹಕ್ಕಿಯ ಆಕಾರಕ್ಕೆ ಕತ್ತರಿಸಿದ ಚಾಪೆಯಂತೆ ಕಾಣುತ್ತದೆ. ನನಗೆ ಮುಖ್ಯವಾದ ಪರೀಕ್ಷೆ ಇದೊಂದೇ. ಉಳಿದದ್ದೆಲ್ಲ ಇದರ ನಂತರ.

ಮಣಿಯ ಅಳತೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಮಣಿ ಚಿಕ್ಕದು. 11/0 ಎಂದರೆ ಸುಮಾರು 2 ಮಿ.ಮೀ., 15/0 ಎಂದರೆ ಸುಮಾರು 1.5 ಮಿ.ಮೀ. ಕಣ್ಣಿನ ಸುತ್ತಲಿನ ತಿರುವಿನಲ್ಲಿ ಚಿಕ್ಕ ಮಣಿ ಬಳಸಿದ್ದಾರೋ ಇಲ್ಲವೋ ನೋಡಿ. ದೊಡ್ಡ ಮಣಿಯಲ್ಲಿ ಆ ತಿರುವು ಮೂಲೆಮೂಲೆಯಾಗಿ ಒಡೆಯುತ್ತದೆ. ಜಪಾನಿನ ಮಿಯುಕಿ, ತೋಹೋ ಮಣಿಗಳು ಒಂದರ ಹಾಗೆ ಇನ್ನೊಂದು ಇರುತ್ತವೆ. ಝೆಕ್ ಮಣಿಗಳಲ್ಲಿ ತುಸು ಏರುಪೇರು ಇರುತ್ತದೆ, ಗರಿಗಳಿಗೆ ನನಗೆ ಅದೇ ಇಷ್ಟ. ಎದೆಗೆ ಹೊಳಪಿಲ್ಲದ ಬಿಳಿ ಮಣಿ ಹಾಕಿದವರಿಗೆ ಹಕ್ಕಿಯ ಪರಿಚಯವಿದೆ ಎಂದೇ ತಿಳಿಯಿರಿ. ಅದು ಮಂಕಾಗಿರುವುದರಿಂದಲೇ ನೀಲಿ ರೆಕ್ಕೆ ಮಿಂಚುವುದು.

ಕೊಕ್ಕಿಗೆ ಉದ್ದನೆಯ ಕೊಳವೆ ಮಣಿ ಬಳಸಿದ್ದರೆ ಅದರ ಎರಡೂ ತುದಿಯಲ್ಲಿ ಒಂದೊಂದು ಪುಟ್ಟ ಮಣಿ ಇದೆಯೇ ಎಂದು ಹುಡುಕಿ. ಕೊಳವೆಯ ಅಂಚು ಹರಿತ, ದಾರವನ್ನು ಕೊಯ್ಯುತ್ತದೆ. ಪುಟ್ಟ ಮಣಿ ಅದನ್ನು ತಡೆಯುತ್ತದೆ.

ಇನ್ನು ಹೊಲಿಗೆ. ಎರಡು ಮೂರು ಮಣಿ ಪೋಣಿಸಿ, ಫೆಲ್ಟ್ ಬಟ್ಟೆಗೆ ಚುಚ್ಚಿ, ಹಿಂದೆ ಬಂದು ಕೊನೆಯ ಮಣಿಯೊಳಗೆ ಮತ್ತೆ ಸೂಜಿ ಹಾಯಿಸುವ ಬ್ಯಾಕ್ ಸ್ಟಿಚ್ಚೇ ಇದರ ಬೆನ್ನೆಲುಬು. ನಮ್ಮಲ್ಲಿ ರವಿಕೆಗೆ ಮಾಡುವ ಆರಿ ಕೆಲಸ ಬೇರೆ: ಚೌಕಟ್ಟಿಗೆ ಬಿಗಿದ ಬಟ್ಟೆಯಲ್ಲಿ ಕೊಕ್ಕೆಸೂಜಿ ಕೆಳಗಿನ ದಾರವನ್ನು ಎಳೆದು ಸರಪಳಿ ಹೆಣೆಯುತ್ತದೆ. ಕೆಲಸ ಬೇಗ ಸಾಗುತ್ತದೆ, ಆದರೆ ಒಂದೆಡೆ ದಾರ ಹರಿದರೆ ಸಾಲಿಗೆ ಸಾಲೇ ಬಿಚ್ಚಿಕೊಳ್ಳಬಹುದು. ಪದೇ ಪದೇ ಚುಚ್ಚಿ ತೆಗೆಯುವ ಬ್ರೋಚಿಗೆ ಸೂಜಿಯ ನಿಧಾನವೇ ಒಳ್ಳೆಯದು. ಸಾಲಿನ ಮೇಲೆ ಬೆರಳು ಮೆಲ್ಲಗೆ ಸವರಿ, ಮಣಿಗಳು ಅತ್ತಿತ್ತ ವಾಲಬಾರದು. ನಡುವೆ ಸಾಲು ಉಬ್ಬಿದ್ದರೆ ಜಾಗಕ್ಕಿಂತ ಹೆಚ್ಚು ಮಣಿ ತುರುಕಿದ್ದಾರೆ.

ಕೊಳ್ಳುವ ಮೊದಲು ತಿರುಗಿಸಿ ನೋಡಲು ಸಂಕೋಚ ಬೇಡ. ಹಿಂಬದಿಯ ಚರ್ಮವನ್ನು ಬರೀ ಅಂಟಿನಿಂದ ಹಚ್ಚದೆ ಅಂಚಿನ ಸುತ್ತ ಮಣಿ ಪೋಣಿಸಿ ಹೊಲಿದಿರಬೇಕು. ಪಿನ್ನು ನಟ್ಟನಡುವೆ ಇದ್ದರೆ ಗಾಜಿನ ಭಾರಕ್ಕೆ ಹಕ್ಕಿಯ ತಲೆ ಮುಂದಕ್ಕೆ ಬಾಗುತ್ತದೆ. ಅದು ನಡುವಿಗಿಂತ ಮೇಲಿರಬೇಕು. ಕೋಟು, ಶಾಲು, ದಪ್ಪ ಖಾದಿ ಈ ಭಾರ ತಾಳುತ್ತವೆ. ರೇಷ್ಮೆ ಸೀರೆಗೇ ಬೇಕೆಂದರೆ ಹೆಗಲ ಮೇಲೆ ನೆರಿಗೆಗಳೆಲ್ಲ ಕೂಡುವಲ್ಲಿ, ಒಳಗೊಂದು ಫೆಲ್ಟ್ ತುಂಡು ಇಟ್ಟು ಚುಚ್ಚಿ.